ಕಾರಿನ ಬ್ಯಾಟರಿ ಬದಲಿಸಿದ್ದೀರಾ? ಎಮಿಷನ್ ಟೆಸ್ಟ್‌ಗೆ ಹೋಗುವ ಮುಂಚೆ ಮೂರು ದಿನ ಓಡಿಸಿ

ಪ್ರತಿ ವಾರ ತೆಂಗಿನ ನುಸಿ, ಕಾಂಡ ಸೋರುವ ರೋಗ, ಹನಿ ನೀರಾವರಿ ಅಂತ ಬರೆಯುವವನು ಈ ವಾರ ಕಾರಿನ ಬಗ್ಗೆ ಬರೀತಿದ್ದಾನಲ್ಲ ಅಂದ್ಕೋಬೇಡಿ. ನಮ್ಮ ಹಂದನಕೆರೆ ಕಡೆ ಈಗ ಮೂರು ಮನೆಗೆ ಒಂದು ಕಾರಾದರೂ ಐತೆ. ಗೊಬ್ಬರದ ಚೀಲ, ತೆಂಗಿನ ಸಸಿ, ತಿಪಟೂರಿನ ಆಸ್ಪತ್ರೆಗೆ ಹೋಗುವ ಅಜ್ಜಿ, ಎಲ್ಲಾ ಅದರಲ್ಲೇ. ಟ್ರಾಕ್ಟರಿನ ಹಾಗೆ ಅದೂ ಬೇಸಾಯದ ಸಾಮಾನೇ ಆಗಿದೆ. ಆ ಕಾರಿನ ಬ್ಯಾಟರಿ ಬದಲಿಸಿದ ದಿನ ನಾನು 35,000 ರೂಪಾಯಿ ಕಳೆದುಕೊಳ್ಳೋದರಲ್ಲಿದ್ದೆ. ಕಾರಣ ಗೊತ್ತಾದರೆ ನಿಮಗೂ ಉಪಯೋಗಕ್ಕೆ ಬಂದೀತು.

ನಮ್ಮದು 2018ರ ಪೆಟ್ರೋಲ್ ಕಾರು, ಬಿಎಸ್-4. ಹೋದ ಚಳಿಗಾಲದಲ್ಲಿ ಒಂದು ದಿನ ಬೆಳಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಅಂತ ಸದ್ದು ಬಿಟ್ಟರೆ ಬೇರೇನಿಲ್ಲ. ಹುಡುಗರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ತಿಪಟೂರಿಗೆ ಹೋಗಿ ಹೊಸ ಬ್ಯಾಟರಿ ಹಾಕಿಸಿದೆ. ಅಂಗಡಿಯವರು ತಿಂಡಿಗೆ ಹೋಗಿದ್ದರಿಂದ ಕಾರು ಬಾನೆಟ್ ತೆಗೆದುಕೊಂಡು ಒಂದೂವರೆ ಗಂಟೆ ನಿಂತಿತ್ತು. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದಾಗ ಒಂದು ಖುಷಿ ಕಾದಿತ್ತು. ಒಂದು ತಿಂಗಳಿಂದ ಡ್ಯಾಶ್‌ಬೋರ್ಡಿನಲ್ಲಿ ಉರೀತಿದ್ದ ಹಳದಿ ಇಂಜಿನ್ ಲೈಟು ಆರಿಹೋಗಿತ್ತು. ಬ್ಯಾಟರಿ ವೀಕ್ ಆಗಿದ್ದಕ್ಕೇ ಉರೀತಿತ್ತು, ಈಗ ಸರಿಹೋಯ್ತು ಅಂತ ನಾನೇ ತೀರ್ಮಾನ ಮಾಡಿಕೊಂಡೆ.

ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದು ವಾರ ಆಗಿತ್ತು. ಬಂದಿದ್ದೀನಲ್ಲ, ಅದನ್ನೂ ಮುಗಿಸಿಬಿಡೋಣ ಅಂತ ಅಲ್ಲೇ ಹತ್ತಿರದ ಟೆಸ್ಟಿಂಗ್ ಸೆಂಟರಿಗೆ ಹೋದೆ. ಸೈಲೆನ್ಸರಿಗೆ ಪೈಪ್ ಹಾಕಿ ನೋಡಿದರೆ ಕಾರ್ಬನ್ ಮಾನಾಕ್ಸೈಡ್ 0.8. ಬಿಎಸ್-4 ಮತ್ತು ಬಿಎಸ್-6 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಇರಬೇಕಾದ ಮಿತಿ ಶೇ. 0.3. ಫೇಲ್. ಪಕ್ಕದಲ್ಲಿದ್ದ ಗ್ಯಾರೇಜಿನ ಹುಡುಗ ಬಗ್ಗಿ ನೋಡಿ, "ಅಣ್ಣ, ಕ್ಯಾಟಲಿಸ್ಟ್ ಹೋಗೈತೆ. ಅದನ್ನ ಬದಲಿಸದೆ ಪಾಸ್ ಆಗಲ್ಲ. ಕಮ್ಮಿ ಅಂದ್ರೂ 35,000 ಆಗುತ್ತೆ" ಅಂದ. ಆ ದುಡ್ಡಿನಲ್ಲಿ ಬೋರ್‌ವೆಲ್ ಮೋಟ್ರು ಎತ್ತಿಸಿ, ರಿಪೇರಿ ಮಾಡಿಸಿ, ಮತ್ತೆ ಇಳಿಸಬಹುದು. ಆದರೂ ಸರ್ಟಿಫಿಕೇಟ್ ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಕಾಯ್ದೆ ಪ್ರಕಾರ ದಂಡ 10,000 ರೂಪಾಯಿವರೆಗೆ ಹೋಗಬಹುದು ಅನ್ನೋ ಭಯ. ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದೆ.

ಅಷ್ಟರಲ್ಲಿ ತುಮಕೂರಿನಲ್ಲಿ ಕಾರು ವರ್ಕ್‌ಶಾಪಿನಲ್ಲಿರುವ ನಮ್ಮ ಅಕ್ಕನ ಮಗನಿಗೆ ಒಂದು ಫೋನ್ ಮಾಡೋಣ ಅನ್ನಿಸಿತು. ಅವನು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಬ್ಯಾಟರಿ ಬಿಚ್ಚಿ ಎಷ್ಟೊತ್ತಾಯ್ತು?" ಅರ್ಧ ಗಂಟೆ ಅಂದೆ. "ಏನೂ ಕೊಡಬೇಡ. ಕಾರು ತಗೊಂಡು ಊರಿಗೆ ಹೋಗು. ಭಾನುವಾರ ನಾನೇ ಬರ್ತೀನಿ" ಅಂದ.

ಬ್ಯಾಟರಿ ಬಿಚ್ಚಿದರೆ ಕಾರು ಮರೆಯೋದೇನು?

ಕಾರಿನಲ್ಲಿ ಇಸಿಯು ಅಂತ ಒಂದು ಚಿಕ್ಕ ಕಂಪ್ಯೂಟರ್ ಇರುತ್ತೆ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಕೊಡಬೇಕು ಅನ್ನೋದೆಲ್ಲ ಅದರ ಕೆಲಸ. ಕಾರ್ಖಾನೆಯಲ್ಲಿ ಅದಕ್ಕೆ ಒಂದು ಲೆಕ್ಕ ಹಾಕಿಕೊಟ್ಟಿರುತ್ತಾರೆ. ಆದರೆ ಪ್ರತಿ ಇಂಜಿನ್ನೂ ಸವೆಯುತ್ತಾ ಹೋಗುತ್ತೆ, ಇಂಜೆಕ್ಟರಿನಲ್ಲಿ ಕೊಳೆ ಕೂರುತ್ತೆ, ಗಾಳಿ ಒಳಗೆ ಹೋಗುವ ಥ್ರಾಟಲ್ ಬಾಯಲ್ಲಿ ಕಪ್ಪು ಕಟ್ಟುತ್ತೆ. ಇದನ್ನೆಲ್ಲ ನೋಡಿಕೊಂಡು ಇಸಿಯು ತನ್ನ ಲೆಕ್ಕ ತಿದ್ದಿಕೊಳ್ಳುತ್ತಾ ಇರುತ್ತೆ. ತುಂಬಾ ಕಾರುಗಳಲ್ಲಿ ಈ ತಿದ್ದುಪಡಿ ಇರೋದು ಬ್ಯಾಟರಿ ಕರೆಂಟ್ ಇದ್ದರೆ ಮಾತ್ರ ಉಳಿಯುವ ಮೆಮೊರಿಯಲ್ಲಿ. ಟರ್ಮಿನಲ್ ಬಿಚ್ಚಿದರೆ ಸ್ಲೇಟು ಒರೆಸಿದ ಹಾಗೆ. ಅದಕ್ಕೇ ಹೊಸ ಬ್ಯಾಟರಿ ಹಾಕಿದ ದಿನ ಇಂಜಿನ್ ಐಡ್ಲಿಂಗ್‌ನಲ್ಲಿ ಏರಿಳಿಯುತ್ತೆ, ಎ.ಸಿ. ಹಾಕಿದರೆ ಆಫ್ ಆಗೋ ಹಾಗೆ ಮಾಡುತ್ತೆ.

ಅದರ ಜತೆಗೆ ಅಳಿಸಿಹೋಗೋದು ಮಾನಿಟರ್‌ಗಳ ಫಲಿತಾಂಶ. ಮಾನಿಟರ್ ಅಂದರೆ ಬೇರೆ ಯಾವುದೋ ಯಂತ್ರ ಅಲ್ಲ. ಹೊಗೆ ಕಮ್ಮಿ ಮಾಡುವ ಭಾಗಗಳು ಸರಿಯಾಗಿ ಕೆಲಸ ಮಾಡ್ತಿವೆಯಾ ಅಂತ ಇಸಿಯು ತಾನೇ ನಡೆಸುವ ಪರೀಕ್ಷೆ. ಬೆಂಕಿ ತಪ್ಪುತ್ತಿದೆಯಾ, ಪೆಟ್ರೋಲ್ ಲೆಕ್ಕ ಸರಿ ಇದೆಯಾ, ವೈರುಗಳು ಸರಿ ಇವೆಯಾ ಅನ್ನುವ ಮೂರು ಪರೀಕ್ಷೆ ಇಂಜಿನ್ ಓಡುತ್ತಿರುವಷ್ಟು ಹೊತ್ತೂ ನಡೀತಾ ಇರುತ್ತವೆ. ಆಕ್ಸಿಜನ್ ಸೆನ್ಸರ್, ಅದರ ಹೀಟರ್, ಕ್ಯಾಟಲಿಸ್ಟ್, ಕೆಲವು ಕಾರಿನಲ್ಲಿ ಇಜಿಆರ್ ಮತ್ತು ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ, ಇವುಗಳ ಪರೀಕ್ಷೆ ಹಾಗಲ್ಲ. ಇಂಜಿನ್ ಇಷ್ಟು ಬಿಸಿ ಇರಬೇಕು, ವೇಗ ಇಷ್ಟಿರಬೇಕು, ಇಷ್ಟು ಹೊತ್ತು ಒಂದೇ ಸಮ ಓಡಬೇಕು ಅನ್ನುವ ಷರತ್ತುಗಳು ಕೂಡಿಬಂದಾಗ ಮಾತ್ರ ನಡೆಯುತ್ತವೆ. ಬ್ಯಾಟರಿ ಬಿಚ್ಚಿದ ಮೇಲೆ ಇವೆಲ್ಲ 'ಇನ್‌ಕಂಪ್ಲೀಟ್', ಅಂದರೆ ಪರೀಕ್ಷೆ ಇನ್ನೂ ಆಗಿಲ್ಲ ಅಂತ ತೋರಿಸುತ್ತವೆ.

ಹಳದಿ ಲೈಟು ಆರಿದ್ದಕ್ಕೂ ಇದೇ ಕಾರಣ. ದೋಷ ಹೋಗಿರಲಿಲ್ಲ. ದೋಷದ ನೆನಪು ಹೋಗಿತ್ತು.

ಕ್ಯಾಟಲಿಸ್ಟ್ ಪರೀಕ್ಷೆಯನ್ನು ಹೇಗೆ ಮಾಡುತ್ತೆ ಅಂತ ತಿಳಿದುಕೊಂಡರೆ ಒಳ್ಳೇದು, ಯಾಕಂದ್ರೆ ದುಬಾರಿ ಭಾಗ ಅದೇ. ನಿಮ್ಮ ತೋಟದ ಡ್ರಿಪ್ ಫಿಲ್ಟರಿಗೆ ಮುಂದೊಂದು ಹಿಂದೊಂದು ಪ್ರೆಷರ್ ಗೇಜ್ ಇರುತ್ತಲ್ಲ? ಎರಡರ ವ್ಯತ್ಯಾಸ ನೋಡಿ ಫಿಲ್ಟರ್ ಕಟ್ಟಿದೆಯಾ ಅಂತ ಹೇಳ್ತೀವಿ. ಹಾಗೇ ಕ್ಯಾಟಲಿಸ್ಟ್‌ನ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್ ಇದೆ. ಲೆಕ್ಕ ಮಾತ್ರ ಉಲ್ಟಾ. ಮುಂದಿನದು ಸದಾ ಮೇಲೆ ಕೆಳಗೆ ಆಡ್ತಿರಬೇಕು, ಹಿಂದಿನದು ಹೆಚ್ಚು ಅಲುಗಾಡದೆ ನಿಂತಿರಬೇಕು. ಹಿಂದಿನದೂ ಮುಂದಿನದರ ಹಾಗೇ ಆಡಲು ಶುರು ಮಾಡಿದರೆ ನಡುವೆ ಇರುವ ಕ್ಯಾಟಲಿಸ್ಟ್ ಕೆಲಸ ಮಾಡ್ತಿಲ್ಲ ಅಂತ ಅರ್ಥ. ಈ ಪರೀಕ್ಷೆ ನಡೀಬೇಕಾದರೆ ಮೊದಲು ಎರಡೂ ಸೆನ್ಸರ್, ಅವುಗಳ ಹೀಟರ್ ಪಾಸಾಗಿರಬೇಕು. ಗೇಜೇ ಕೆಟ್ಟಿದ್ದರೆ ಫಿಲ್ಟರ್ ಬಗ್ಗೆ ಏನು ಹೇಳೋಕಾಗುತ್ತೆ?

ಹಾಗಾದರೆ ಟೆಸ್ಟ್ ಯಾಕೆ ಫೇಲ್ ಆಯ್ತು?

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ನಮ್ಮ ದೇಶದ ಎಮಿಷನ್ ಟೆಸ್ಟ್‌ನಲ್ಲಿ ಮಾನಿಟರ್ ಓದಲ್ಲ. ಸೈಲೆನ್ಸರಿನಿಂದ ಬರುವ ಹೊಗೆಯನ್ನು ಮಾತ್ರ ಅಳೆಯುತ್ತಾರೆ. ಪೆಟ್ರೋಲ್ ಕಾರಿಗೆ ಮೊದಲು ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಆಮೇಲೆ 2,500 ಆರ್‌ಪಿಎಂ ಆಸುಪಾಸಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಲ್ಯಾಂಬ್ಡಾ. ಲ್ಯಾಂಬ್ಡಾ ಅಂದರೆ ಗಾಳಿ, ಪೆಟ್ರೋಲ್ ಪ್ರಮಾಣದ ಲೆಕ್ಕ. ಅದು 0.97ರಿಂದ 1.03ರ ಒಳಗೆ ಇರಬೇಕು.

ಅಮೆರಿಕದಲ್ಲಿ ಹಾಗಲ್ಲ. ನಮ್ಮ ತಂಗಿ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ 2000 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಆವಿಯ ಮಾನಿಟರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ 'ಕಂಪ್ಲೀಟ್' ಆಗಿರಬೇಕು, ಇಲ್ಲದಿದ್ದರೆ ಸ್ಮಾಗ್ ಟೆಸ್ಟ್ ಪಾಸ್ ಇಲ್ಲ. ಬ್ಯಾಟರಿ ಬದಲಿಸಿದವರು ದಿನಗಟ್ಟಲೆ ಹೈವೇಯಲ್ಲಿ ಸುತ್ತಿ ಬರ್ತಾರಂತೆ. ಯಾರೂ ಟೆಸ್ಟ್‌ಗೆ ಮುಂಚೆ ಟರ್ಮಿನಲ್ ಬಿಚ್ಚಿ ಲೈಟು ಆರಿಸಿಕೊಂಡು ಬರಬಾರದು ಅಂತಲೇ ಆ ನಿಯಮ.

ಇಲ್ಲಿ ಮಾನಿಟರ್ ಓದದೇ ಇದ್ದರೂ ನನ್ನ ಕಾರು ಫೇಲ್ ಆಗಿದ್ದಕ್ಕೆ ಎರಡು ಕಾರಣ. ಒಂದು, ಕ್ಯಾಟಲಿಸ್ಟ್ ತಣ್ಣಗಿತ್ತು. ಸುಮಾರು 300 ಡಿಗ್ರಿ ಬಿಸಿ ಆಗದೆ ಅದು ಸರಿಯಾಗಿ ಕೆಲಸ ಶುರು ಮಾಡಲ್ಲ. ಒಂದೂವರೆ ಗಂಟೆ ನಿಂತ ಕಾರನ್ನು ನಾಲ್ಕು ಮಾರು ಓಡಿಸಿ ತಂದು ಪೈಪ್ ಹಾಕಿದರೆ ಇನ್ನೇನಾಗುತ್ತೆ? ಎರಡು, ಪೆಟ್ರೋಲ್ ಲೆಕ್ಕದ ತಿದ್ದುಪಡಿ ಅಳಿಸಿಹೋಗಿ ಇಂಜಿನ್ ಆಗ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡೀತಿತ್ತು. ಇವೆರಡೂ ಓಡಿಸಿದರೆ ಸರಿಹೋಗುವ ವಿಷಯಗಳು. ಗ್ಯಾರೇಜಿನ ಹುಡುಗ ಮೋಸ ಮಾಡಿದ ಅಂತ ನಾನು ಹೇಳಲ್ಲ, ಅವನು ಕಂಡದ್ದನ್ನು ಹೇಳಿದ. ಬ್ಯಾಟರಿ ವಿಷಯ ನಾನೂ ಹೇಳಿರಲಿಲ್ಲ.

ಓಡಿಸುವ ಕ್ರಮ

ಭಾನುವಾರ ಅಳಿಯ ಬಂದ. ಬೆಂಕಿಪೊಟ್ಟಣದಷ್ಟಿರುವ ಒಂದು ಬ್ಲೂಟೂತ್ ಸಾಧನ ತಂದಿದ್ದ. ಓಬಿಡಿ ಸ್ಕ್ಯಾನರ್ ಅಂತಾರೆ, ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಸ್ಟೇರಿಂಗ್ ಕೆಳಗೆ ಮೊಣಕಾಲು ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತೆ, ಅದಕ್ಕೆ ಸಿಗಿಸಿ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಆಯ್ತು. 'ರೆಡಿನೆಸ್' ಅನ್ನುವ ಪುಟದಲ್ಲಿ ಮಾನಿಟರ್‌ಗಳ ಪಟ್ಟಿ ಬರುತ್ತೆ. ನನ್ನ ಕಾರಿಗೆ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್, ಹೀಟರ್ ಮೂರೂ ಇನ್‌ಕಂಪ್ಲೀಟ್. ಕೆಲವಕ್ಕೆ 'ನಾಟ್ ಸಪೋರ್ಟೆಡ್' ಅಂತ ಬಂತು. ಅಂದರೆ ಆ ಕಾರಿನಲ್ಲಿ ಆ ಪರೀಕ್ಷೆಯೇ ಇಲ್ಲ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬ್ಯಾಟರಿ ಹಾಕಿ ನಾಲ್ಕು ದಿನ ಆಗಿತ್ತು, ಕಾರು ದಿನಾ ಓಡಿತ್ತು, ಆದರೂ ಒಂದೂ ಮುಗಿದಿರಲಿಲ್ಲ. ಯಾಕೆ ಅಂತ ಅಳಿಯನನ್ನು ಕೇಳಿದೆ. "ನೀನು ಓಡಿಸಿರೋದಾದ್ರೂ ಎಲ್ಲಿಗೆ ಮಾವ? ಮನೆಯಿಂದ ತೋಟಕ್ಕೆ, ತೋಟದಿಂದ ಡೈರಿಗೆ. ಮೂರನೇ ಗೇರ್ ಮೇಲೆ ಹೋಗೈತಾ?" ಅಂದ. ಹೋಗಿರಲಿಲ್ಲ. ಎರಡು ಕಿಲೋಮೀಟರ್ ಮಣ್ಣು ರಸ್ತೆಯಲ್ಲಿ ಇಂಜಿನ್ ಬಿಸಿಯಾಗುವಷ್ಟರಲ್ಲಿ ಆಫ್ ಮಾಡ್ತೀವಿ. ಹಳ್ಳಿ ಕಾರುಗಳಲ್ಲಿ ಮಾನಿಟರ್ ಮುಗಿಯದೇ ಇರೋದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೀಗ ಅನ್ನಿಸುತ್ತೆ.

ಅವನು ಹೇಳಿಕೊಟ್ಟು ನಾನು ಮಾಡಿದ್ದು ಹೀಗೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಮ್ಮಿ ಪೆಟ್ರೋಲ್ ಇರಲಿ. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗ್ಗೆ ಆರು ಗಂಟೆಗೆ, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲೇ ಬಿಟ್ಟೆ. ಇಂಜಿನ್ ಪೂರಾ ತಣ್ಣಗಿದ್ದಾಗಲೇ ಶುರು ಮಾಡಬೇಕು, ಕೆಲವು ಪರೀಕ್ಷೆಗೆ ಅದೇ ಮೊದಲ ಷರತ್ತು. ಆಮೇಲೆ ತಿಪಟೂರಿನವರೆಗೆ ಮಾಮೂಲಾಗಿ ಓಡಿಸಿದೆ. ಹಂಪು, ತಿರುವು, ಊರೊಳಗಿನ ಎಮ್ಮೆಗಳ ನಡುವೆ ಆ ದಾರಿಯಲ್ಲಿ ಒಂದೇ ವೇಗ ಹಿಡಿಯೋಕೆ ಆಗಲ್ಲ, ಇಂಜಿನ್ ಬಿಸಿ ಆಗಲು ಮಾತ್ರ ಸಾಕು. ತಿಪಟೂರು ದಾಟಿ ಬಿ.ಎಚ್. ರಸ್ತೆಗೆ ಬಿದ್ದು ಕೆ.ಬಿ. ಕ್ರಾಸ್ ಕಡೆ ಟಾಪ್ ಗೇರಿನಲ್ಲಿ 70-80ರ ವೇಗದಲ್ಲಿ, ಆಕ್ಸಿಲರೇಟರ್ ಅಲುಗಿಸದೆ ಹತ್ತು ನಿಮಿಷ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು ಕಾಲು ತೆಗೆದುಬಿಟ್ಟೆ. ಬ್ರೇಕ್ ಇಲ್ಲ, ಕ್ಲಚ್ ಇಲ್ಲ. ಕಾರು ತಾನಾಗಿ 40ಕ್ಕೆ ಇಳಿಯೋವರೆಗೆ ಗೇರಿನಲ್ಲೇ ಇರಬೇಕು. ಪೆಟ್ರೋಲ್ ಉಳಿಸೋಕೆ ಅಂತ ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ, ಅದು ಇಲ್ಲಿ ನಡೆಯಲ್ಲ. ಗೇರಿನಲ್ಲಿ ಇಳಿಯುವಾಗ ಇಸಿಯು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತೆ, ಆಗ ಸೆನ್ಸರ್ ಏನು ತೋರಿಸುತ್ತೆ ಅನ್ನೋದು ಪರೀಕ್ಷೆಯ ಭಾಗ. ಮತ್ತೆ ನಿಧಾನಕ್ಕೆ 80ಕ್ಕೆ ಏರಿಸಿ, ಮತ್ತೆ ಇಳಿಸಿ, ಹೀಗೆ ನಾಲ್ಕೈದು ಸಲ. ತೆಂಗಿನ ಮಟ್ಟೆ ತುಂಬಿದ ಟ್ರಾಕ್ಟರುಗಳು ರಸ್ತೆಗೆ ಇಳಿಯುವ ಮುಂಚೆ ಮುಗಿಸಿಕೊಂಡರೆ ಒಳ್ಳೇದು. ಮನೆಗೆ ಬಂದು ಎರಡು ನಿಮಿಷ ಐಡ್ಲಿಂಗ್, ಆಮೇಲೆ ಆಫ್.

ಇದು ಎಲ್ಲ ಕಾರಿಗೂ ಅಚ್ಚುಕಟ್ಟಾಗಿ ಹೊಂದುವ ಕ್ರಮ ಅಲ್ಲ, ಕಂಪನಿಯಿಂದ ಕಂಪನಿಗೆ ವೇಗ, ಸಮಯ ಬೇರೆ ಇರುತ್ತೆ. ಒಂದೇ ದಿನಕ್ಕೆ ಮುಗಿಯದೇ ಇದ್ದರೆ ಗಾಬರಿ ಬೇಡ. ನಡುವೆ ಮಾಡಬಾರದ್ದು ಎರಡು: ಮತ್ತೆ ಟರ್ಮಿನಲ್ ಬಿಚ್ಚಬಾರದು, ಸ್ಕ್ಯಾನರಿನಲ್ಲಿ ಕೋಡ್ ಅಳಿಸುವ ಬಟನ್ ಒತ್ತಬಾರದು. ಎರಡರಲ್ಲಿ ಯಾವುದು ಮಾಡಿದರೂ ಎಲ್ಲಾ ಮೊದಲಿಂದ. ಟರ್ಮಿನಲ್ ಸಡಿಲ ಇದ್ದರೂ ಇದೇ ಕಥೆ, ಗುಂಡಿಯಲ್ಲಿ ಕುಲುಕಿದಾಗೊಮ್ಮೆ ಕರೆಂಟ್ ತಪ್ಪಿ ಸ್ಲೇಟು ಒರೆಸಿಹೋಗುತ್ತೆ.

ಇಲಿ ಸಿಕ್ಕಿತು

ಮೊದಲ ದಿನವೇ ಆಕ್ಸಿಜನ್ ಸೆನ್ಸರ್ ಕಂಪ್ಲೀಟ್ ಆಯ್ತು. ಎರಡನೇ ದಿನ ವಾಪಸ್ ಬರುವಾಗ ಹಳದಿ ಲೈಟು ಮತ್ತೆ ಹತ್ತಿಕೊಂಡಿತು. ನನಗೆ ಹೊಟ್ಟೆ ಉರಿಯಿತು, ಅಳಿಯನಿಗೆ ಫೋನಿನಲ್ಲೇ ಖುಷಿ. "ಈಗ ದೋಷ ಯಾವುದು ಅಂತ ಅದೇ ಹೇಳುತ್ತೆ, ನೋಡು" ಅಂದ. ಸಾಮಾನ್ಯವಾಗಿ ಒಂದೇ ದೋಷ ಎರಡು ಪ್ರಯಾಣದಲ್ಲಿ ಕಂಡರೆ ಮಾತ್ರ ಲೈಟು ಹತ್ತುತ್ತೆ, ಅದಕ್ಕೇ ಎರಡನೇ ದಿನ. ಕೋಡ್ ಪಿ0141. ಹಿಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ಕ್ಯಾಟಲಿಸ್ಟ್ ಮಾನಿಟರ್ ಮುಗಿಯದೇ ನಿಂತಿದ್ದೂ ಅದಕ್ಕೇ, ಹೀಟರ್ ಪಾಸಾಗದೆ ಅದು ಶುರುವಾಗೋದೇ ಇಲ್ಲ.

ಕಾರನ್ನು ಎತ್ತಿ ನೋಡಿದರೆ ಸೆನ್ಸರಿನ ವೈರನ್ನು ಇಲಿ ಕಡಿದಿದೆ. ನಮ್ಮ ಕಾರು ನಿಲ್ಲೋದು ಕೊಬ್ಬರಿ ಅಟ್ಟದ ಕೆಳಗೆ. ಹನ್ನೊಂದು ಹನ್ನೆರಡು ತಿಂಗಳು ಅಟ್ಟದಲ್ಲಿ ಕಾಯಿ ಇಟ್ಟವರ ಮನೆಯಲ್ಲಿ ಇಲಿಗೆ ಬರವಾ? ರಾತ್ರಿ ಬೆಚ್ಚಗಿರುವ ಇಂಜಿನ್ ಅದಕ್ಕೆ ಹಾಸಿಗೆ. ತಿಪಟೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ವೈರ್ ಬೆಸುಗೆ ಹಾಕಿ, ಮೇಲೆ ತೋಳು ಹಾಕಿ 350 ರೂಪಾಯಿ ತಗೊಂಡರು.

ಆಮೇಲೂ ನಾನು ಕೋಡ್ ಅಳಿಸಲಿಲ್ಲ. ದೋಷ ನಿಜವಾಗಿ ಹೋಗಿದ್ದರೆ ಸತತ ಮೂರು ಪ್ರಯಾಣದಲ್ಲಿ ಪರೀಕ್ಷೆ ಪಾಸಾಗಿ ಲೈಟು ತಾನಾಗೇ ಆರುತ್ತೆ. ಹಾಗೇ ಆರಿತು. ಹೀಟರ್, ಕ್ಯಾಟಲಿಸ್ಟ್ ಎರಡೂ ಕಂಪ್ಲೀಟ್. ಅಂದರೆ 35,000 ರೂಪಾಯಿಯ ಆ ಕ್ಯಾಟಲಿಸ್ಟ್ ಚೆನ್ನಾಗಿದೆ ಅಂತ ಕಾರೇ ಪರೀಕ್ಷೆ ಮಾಡಿ ಹೇಳಿತು. ಊರಿನಿಂದ ನೇರ ಓಡಿಸಿಕೊಂಡು ಹೋಗಿ, ಇಂಜಿನ್ ಆಫ್ ಮಾಡದೆ ಎಮಿಷನ್ ಟೆಸ್ಟ್‌ಗೆ ನಿಲ್ಲಿಸಿದೆ. ಈ ಸಲ ಕಾರ್ಬನ್ ಮಾನಾಕ್ಸೈಡ್ 0.04. ಬಿಎಸ್-4 ಆದ್ದರಿಂದ ಸರ್ಟಿಫಿಕೇಟ್ ಒಂದು ವರ್ಷಕ್ಕೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೋಡಲೇಬೇಕು

ಕೊಬ್ಬರಿಗೆ ರೇಟು ಬಂದ ವರ್ಷ ನಮ್ಮ ಕಡೆ ಹಳೇ ಕಾರು ಕೊಳ್ಳುವವರು ಜಾಸ್ತಿ. ನಮ್ಮ ಬಂಧುವೊಬ್ಬರು ಹೀಗೇ ಒಂದು ಕಾರು ತಂದರು. ತರುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದೂ ಲೈಟಿಲ್ಲ. ಐದನೇ ದಿನ ಹಳದಿ ಲೈಟು. ತೋರಿಸಿದರೆ ಕ್ಯಾಟಲಿಸ್ಟ್ ನಿಜವಾಗಿಯೂ ಹೋಗಿತ್ತು. ಮಾರಿದವನು ಹಿಂದಿನ ದಿನ ಟರ್ಮಿನಲ್ ಬಿಚ್ಚಿದ್ದನೋ, ಕೋಡ್ ಅಳಿಸಿದ್ದನೋ, ಈಗ ಕೇಳಿದರೆ ಯಾರು ಒಪ್ಪುತ್ತಾರೆ?

ಕಾರು ನೋಡಲು ಹೋಗುವಾಗ ಆ ಬೆಂಕಿಪೊಟ್ಟಣದ ಸಾಧನ ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಕೀ ಆನ್ ಮಾಡಿದಾಗ ಹಳದಿ ಲೈಟು ಉರಿದು, ಸ್ಟಾರ್ಟ್ ಆದ ಮೇಲೆ ಆರುತ್ತಾ ನೋಡಿ. ಕೀ ಹಾಕಿದಾಗಲೂ ಉರಿಯದಿದ್ದರೆ ಬಲ್ಬನ್ನೇ ಕಿತ್ತಿರಬಹುದು. ಆಮೇಲೆ ರೆಡಿನೆಸ್ ಪುಟ. ದಿನಾ ಓಡಾಡುವ ಕಾರು ಅಂತ ಹೇಳಿ ಎಲ್ಲಾ ಮಾನಿಟರ್ ಇನ್‌ಕಂಪ್ಲೀಟ್ ಇದ್ದರೆ ಮೊನ್ನೆ ಮೊನ್ನೆ ಏನೋ ಅಳಿಸಿದ್ದಾರೆ. ತುಂಬಾ ಕಾರುಗಳಲ್ಲಿ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಅನ್ನುವ ಲೆಕ್ಕವೂ ಸಿಗುತ್ತೆ. 12 ಕಿಲೋಮೀಟರ್ ಅಂತ ಬಂದರೆ ಮಾರುವವರನ್ನು ಮುಖಾಮುಖಿ ಕೇಳಿ. ಹೊಸ ಬ್ಯಾಟರಿ ಹಾಕಿಸಿದ್ದೇವೆ ಅಂದರೆ ಅದು ನಿಜವೂ ಇರಬಹುದು, ಬಿಲ್ಲು ತೋರಿಸಲಿ. ಇಲ್ಲವೇ ಎರಡು ಮೂರು ದಿನ ಓಡಿಸಿ ಮಾನಿಟರ್ ಮುಗಿದ ಮೇಲೆ ಬರ್ತೀನಿ ಅಂತ ಹೇಳಿ ಬನ್ನಿ, ಅಡ್ವಾನ್ಸ್ ಕೊಡಬೇಡಿ.

ಡೀಸೆಲ್ ಪಿಕಪ್ ಇರುವವರಿಗೂ ಒಂದು ಮಾತು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ವಾಹನಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ತೋಟ-ಮನೆ ಓಡಾಟದಲ್ಲೇ ಇದ್ದರೆ ಮಸಿ ಸುಡುವಷ್ಟು ಬಿಸಿ ಬರೋದೇ ಇಲ್ಲ, ಹಾಗಾಗಿ ವಾರಕ್ಕೊಮ್ಮೆಯಾದರೂ ಬಿ.ಎಚ್. ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಹಳೇ ಟ್ರಾಕ್ಟರಿಗೆ ಇದ್ಯಾವುದರ ಗೊಡವೆಯೂ ಇಲ್ಲ, ಅದರಲ್ಲಿ ಮರೆಯೋಕೆ ಕಂಪ್ಯೂಟರೇ ಇಲ್ಲ.

ಇಲಿ ವಿಷಯಕ್ಕೆ ಬಂದರೆ, ಕಾರನ್ನು ಈಗ ಅಟ್ಟದ ಕೆಳಗಿಂದ ತೆಗೆದು ಅಂಗಳದ ಬೇವಿನ ಮರದ ಹತ್ತಿರ ನಿಲ್ಲಿಸ್ತಿದ್ದೀನಿ, ರಾತ್ರಿ ಬಾನೆಟ್ ಎತ್ತಿಯೇ ಇಡ್ತೀನಿ. ಕತ್ತಲೆ, ಬೆಚ್ಚಗೆ ಎರಡೂ ಇಲ್ಲದ ಕಡೆ ಇಲಿ ಗೂಡು ಮಾಡಲ್ಲ. ಬೆಳಗ್ಗೆ ಬಾನೆಟ್ ಮುಚ್ಚುವ ಮುಂಚೆ ಒಳಗೆ ತೆಂಗಿನ ನಾರಿನ ಚೂರು ಏನಾದರೂ ಬಿದ್ದಿದೆಯಾ ಅಂತ ನೋಡ್ತೀನಿ. ನಾರು ಕಂಡರೆ ಇಲಿ ಬಂದಿದೆ ಅಂತ ಲೆಕ್ಕ, ಅವತ್ತು ವೈರುಗಳ ಮೇಲೆ ಒಂದು ಸಲ ಕೈಯಾಡಿಸಿಯೇ ಸ್ಟಾರ್ಟ್ ಮಾಡೋದು.